ಬಡವರ ಹಿತ್ತಲಿಗೆ ನಡೆದು ಬಂದ ವಿಜ್ಞಾನಿ ಜಾರ್ಜ್ ಕಾರ್ವರ್



ವಾಚನಾಲಯದಲ್ಲಿ ಕುಳಿತು ಈ ಪುಟ ಓದುತ್ತಿರುವ ನಿಮಗೆ ಮೊದಲು ಒಂದು ಪ್ರಶ್ನೆ. ನಿನ್ನೆ ರಾತ್ರಿ ನಿಮ್ಮ ಮನೆಯ ಸಾರಿಗೆ ಬಿದ್ದ ತರಕಾರಿ ಎಲ್ಲಿಂದ ಬಂತು? ಹಿತ್ತಲಿನಿಂದಲೋ, ಸಂತೆಯಿಂದಲೋ? ಹತ್ತು ಎಕರೆ ಜಮೀನಿದ್ದೂ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಸಂತೆಯ ದಿನ ಕಾಯುವ ಮನೆಗಳು ನನ್ನ ಹೋಬಳಿಯಲ್ಲೇ ಬೇಕಾದಷ್ಟಿವೆ. ಅವರನ್ನು ಆಡಿಕೊಳ್ಳುವ ಅಧಿಕಾರ ನನಗಿಲ್ಲ. ಬಿ.ಎಸ್ಸಿ. ಕೃಷಿ ಓದಿ ಕೆಲಸಕ್ಕೆ ಸೇರಿದ ಮೇಲೂ ಬಹುಕಾಲ ನನ್ನ ಮನೆಯ ಸ್ಥಿತಿಯೂ ಅದೇ ಆಗಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಒಂದು ಎಡವಟ್ಟನ್ನು ಹೇಳಿಬಿಡುತ್ತೇನೆ. ಸೋಯಾ ಅವರೆಯಲ್ಲಿ ಶೇಕಡ 40ರಷ್ಟು ಸಸಾರಜನಕ ಇದೆ, ಮಕ್ಕಳಿಗೆ ಬಲ ಬರುತ್ತದೆ ಎಂದು ಒಂದು ಹಳ್ಳಿಯಲ್ಲಿ ಊರೂರೇ ಕೇಳುವಂತೆ ಭಾಷಣ ಮಾಡಿದೆ. ಬೀಜ ಹಂಚಿದೆ. ಬಿತ್ತನೆಯ ಅಂತರ, ಬೀಜೋಪಚಾರ, ಗೊಬ್ಬರದ ಲೆಕ್ಕ ಎಲ್ಲ ಹೇಳಿಕೊಟ್ಟೆ. ಬೆಳೆ ಚೆನ್ನಾಗಿಯೇ ಬಂತು. ಸುಗ್ಗಿಯ ನಂತರ ಹೋಗಿ ನೋಡಿದರೆ ಕಾಳೆಲ್ಲ ದನದ ಬಾನಿಗೆ ಬಿದ್ದಿತ್ತು. ತೊಗರಿಬೇಳೆಯಂತೆ ಬೇಯಿಸಿದ ಹೆಂಗಸರಿಗೆ ಅದರ ಹಸಿವಾಸನೆ ಸೇರಿರಲಿಲ್ಲ. ಮಕ್ಕಳು ಬಾಯಿಗಿಟ್ಟು ಉಗುಳಿದ್ದವು. ಕುದಿಯುವ ನೀರಿಗೇ ಕಾಳು ಹಾಕಿ ಬೇಯಿಸಿ, ಆ ನೀರು ಬಸಿದು ಸಿಪ್ಪೆ ತೆಗೆದರೆ ವಾಸನೆ ಬಹುಮಟ್ಟಿಗೆ ಹೋಗುತ್ತದೆ ಎಂಬ ಮಾತನ್ನು ನಾನು ಹೇಳಿರಲಿಲ್ಲ. ಹೇಳುವುದೇನು ಬಂತು, ನನಗೇ ಗೊತ್ತಿರಲಿಲ್ಲ. ಬೆಳೆಯುವುದನ್ನು ಕಲಿಸಿದ್ದೆ, ಅಡಿಗೆ ಮಾಡುವುದನ್ನು ಬಿಟ್ಟಿದ್ದೆ.

ಆಮೇಲೆ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಜೀವನವನ್ನು ಓದಿದಾಗ ನನ್ನ ತಪ್ಪು ಎಲ್ಲಿತ್ತೆಂದು ತಿಳಿಯಿತು. ಕಡಲೆಕಾಯಿಯಿಂದ ಮುನ್ನೂರು ವಸ್ತು ಮಾಡಿದವರು ಎಂದು ನಿಮ್ಮ ಮಕ್ಕಳು ಅವರ ಹೆಸರು ಕೇಳಿರಬಹುದು. ಆದರೆ ನಮಗೆ ಬೇಕಾದ ಕಾರ್ವರ್ ಪ್ರಯೋಗಶಾಲೆಯವರಲ್ಲ. ಸಾಲದಲ್ಲಿ ಮುಳುಗಿದ ಹತ್ತಿ ಬೆಳೆಗಾರರ ಗುಡಿಸಲಿಗೆ ಹೋಗಿ, ಬಾಗಿಲ ಮುಂದೆ ನಾಲ್ಕು ಸಾಲು ತರಕಾರಿ ಹಾಕಿಸಿ, ಅದನ್ನು ಬೇಯಿಸುವ ಬಗೆಯನ್ನೂ ಹೇಳಿಕೊಟ್ಟ ಕಾರ್ವರ್ ಅವರ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಹುಟ್ಟಿದ ದಿನ ತಿಳಿಯದ ಮಗು

ಅಮೆರಿಕದ ಮಿಸೌರಿ ಸಂಸ್ಥಾನದ ಡೈಮಂಡ್ ಎಂಬ ಹಳ್ಳಿಯ ಬಳಿ, 1864ರ ಸುಮಾರಿಗೆ ಅವರು ಹುಟ್ಟಿದರು. ಸರಿಯಾದ ದಿನ, ವರ್ಷ ಯಾರಿಗೂ ಗೊತ್ತಿಲ್ಲ. ಜೀತದಾಳುಗಳ ಮಕ್ಕಳ ಹುಟ್ಟಿದ ದಿನವನ್ನು ಬರೆದಿಡುವವರು ಯಾರು? ತಾಯಿ ಮೇರಿಯನ್ನು ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತ 1855ರಲ್ಲಿ 700 ಡಾಲರಿಗೆ ಕೊಂಡಿದ್ದ. ಮಗು ಹುಟ್ಟುವ ಹೊತ್ತಿಗೆ ತಂದೆ ತೀರಿಹೋಗಿದ್ದನೆಂದು ಹೇಳುತ್ತಾರೆ. ಅಮೆರಿಕದ ಅಂತರ್ಯುದ್ಧದ ಆ ಗೊಂದಲದ ಕಾಲದಲ್ಲಿ ಜೀತದಾಳುಗಳನ್ನು ಕದ್ದು ಮಾರುವ ಡಕಾಯಿತರ ಗುಂಪುಗಳಿದ್ದವು. ಅಂಥ ಒಂದು ಗುಂಪು ಮೇರಿಯನ್ನೂ ಎಳೆಗೂಸನ್ನೂ ಎತ್ತಿಕೊಂಡು ಹೋಯಿತು. ಹುಡುಕಲು ಹೋದವನಿಗೆ ಸಿಕ್ಕಿದ್ದು ಸಾಯುವ ಸ್ಥಿತಿಯಲ್ಲಿದ್ದ ಕೂಸು ಮಾತ್ರ. ಅದನ್ನು ತಂದುಕೊಟ್ಟದ್ದಕ್ಕೆ ಮೋಸೆಸ್ ಒಂದು ಕುದುರೆ ಕೊಟ್ಟನಂತೆ. ತಾಯಿಯ ಸುಳಿವು ಮತ್ತೆಂದೂ ಸಿಗಲಿಲ್ಲ.

ಜೀತ ಪದ್ಧತಿ ಕೊನೆಗೊಂಡ ಮೇಲೆ ಜಾರ್ಜ್‌ನನ್ನೂ ಅವನ ಅಣ್ಣ ಜಿಮ್‌ನನ್ನೂ ಮೋಸೆಸ್ ದಂಪತಿಗಳೇ ಸಾಕಿದರು. ಅಣ್ಣ ಗಟ್ಟಿಮುಟ್ಟಾಗಿದ್ದ, ಹೊಲದ ಕೆಲಸಕ್ಕೆ ಹೋದ. ಜಾರ್ಜ್ ಕೆಮ್ಮು ಕಫದಿಂದ ಬಡಕಲಾಗಿದ್ದ ಹುಡುಗ. ಹೊಲಕ್ಕೆ ಉಪಯೋಗವಿಲ್ಲವೆಂದು ಸೂಸನ್ ಎಂಬ ಆ ಮನೆಯೊಡತಿ ಅವನನ್ನು ಅಡಿಗೆಮನೆಯಲ್ಲಿ ಇಟ್ಟುಕೊಂಡಳು. ಬೇಯಿಸುವುದು, ಬಟ್ಟೆ ಒಗೆಯುವುದು, ಹೊಲಿಯುವುದು, ಹೆಣೆಯುವುದು, ಹಿತ್ತಲಿನ ತರಕಾರಿ ಮಡಿ ನೋಡಿಕೊಳ್ಳುವುದು ಎಲ್ಲವನ್ನೂ ಹುಡುಗ ಕಲಿತ. ಅಂದಿನವರ ಕಣ್ಣಿಗೆ ಇದು ಹೆಂಗಸರ ಕೆಲಸ. ಆದರೆ ಮುಂದೆ ಅವರನ್ನು ದೊಡ್ಡವರನ್ನಾಗಿ ಮಾಡಿದ್ದು ಹೊಲದ ಕೆಲಸವಲ್ಲ, ಅಡಿಗೆಮನೆ ಮತ್ತು ಹಿತ್ತಲು ಎಂಬುದನ್ನು ನೀವು ಗಮನಿಸಬೇಕು.

ಬಿಡುವಾದಾಗ ಹುಡುಗ ಹಳ್ಳದ ಪಕ್ಕದ ಕಾಡಿಗೆ ಹೋಗುತ್ತಿದ್ದ. ಗಿಡಗಳನ್ನು ಬೇರುಸಹಿತ ತಂದು ಪೊದೆಯ ಮರೆಯಲ್ಲಿ ಯಾರಿಗೂ ಕಾಣದಂತೆ ತನ್ನದೇ ಒಂದು ಪುಟ್ಟ ತೋಟ ಮಾಡಿಕೊಂಡಿದ್ದ. ಹೂಗಿಡಗಳಿಗೆ ಸಮಯ ಕಳೆಯುವುದು ಸೋಮಾರಿತನ ಎಂದು ಆ ಕಡೆಯವರು ತಿಳಿಯುತ್ತಿದ್ದುದರಿಂದ ಈ ಗುಟ್ಟು. ಸೊರಗಿದ ಗಿಡವನ್ನು ಚಿಗುರಿಸುವ ಕೈಗುಣ ಅವನಿಗಿತ್ತು. ಸುತ್ತಲಿನ ಮನೆಯವರು ತಮ್ಮ ಕಾಯಿಲೆಯ ಗಿಡಗಳನ್ನು ಅವನಿಗೆ ತೋರಿಸುತ್ತಿದ್ದರು, ಗಿಡದ ವೈದ್ಯ ಎಂದು ಕರೆಯುತ್ತಿದ್ದರು.

ಹತ್ತಿರದ ಶಾಲೆಯಲ್ಲಿ ಕಪ್ಪು ಮಕ್ಕಳಿಗೆ ಪ್ರವೇಶವಿಲ್ಲ. ಹನ್ನೊಂದು ಹನ್ನೆರಡನೆಯ ವಯಸ್ಸಿಗೆ ಹುಡುಗ ಒಬ್ಬನೇ ನಿಯೋಶೋ ಎಂಬ ಊರಿಗೆ ನಡೆದುಹೋದ. ಅಲ್ಲಿ ಸೂಲಗಿತ್ತಿಯಾಗಿದ್ದ ಮರಾಯಾ ವಾಟ್ಕಿನ್ಸ್ ಎಂಬ ಕಪ್ಪು ಹೆಂಗಸು ಆಸರೆ ಕೊಟ್ಟಳು. ಆಕೆಗೆ ಗಿಡಮೂಲಿಕೆಗಳ ತಿಳಿವು ಬಹಳವಿತ್ತು. ಆಕೆಯ ಬಟ್ಟೆ ಒಗೆಯುವ ಕೆಲಸದಲ್ಲಿ ಕೈಗೂಡಿಸುತ್ತಾ ಹುಡುಗ ಅಕ್ಷರ ಕಲಿತ. ಆಮೇಲೆ ಕ್ಯಾನ್ಸಾಸ್ ಸಂಸ್ಥಾನದ ಊರೂರು ಅಲೆದ. 1879ರಲ್ಲಿ ಫೋರ್ಟ್ ಸ್ಕಾಟ್ ಎಂಬಲ್ಲಿ ಬಿಳಿಯರ ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಕೊಂದದ್ದನ್ನು ಕಣ್ಣಾರೆ ಕಂಡು ಆ ಊರು ಬಿಟ್ಟ. ಎಲ್ಲಿಗೆ ಹೋದರೂ ಅಡಿಗೆ ಮತ್ತು ಬಟ್ಟೆ ಒಗೆತ ಅವನ ಹೊಟ್ಟೆ ಹೊರೆಯಿತು. ಹೈಸ್ಕೂಲು ಮುಗಿಸಿ ಅರ್ಜಿ ಹಾಕಿದಾಗ ಒಂದು ಕಾಲೇಜು ಸೇರಿಸಿಕೊಳ್ಳುವುದಾಗಿ ಬರೆಯಿತು. ಬಾಗಿಲಿಗೆ ಹೋದಾಗ ಮುಖದ ಬಣ್ಣ ನೋಡಿ ಹಿಂದಕ್ಕೆ ಕಳಿಸಿತು. 1886ರಲ್ಲಿ ಸರಕಾರ ಕೊಡುತ್ತಿದ್ದ ಬಯಲು ಜಮೀನು ಹಿಡಿದು, ಹುಲ್ಲುಗಡ್ಡೆಯ ಮಣ್ಣಿನಿಂದ ಗುಡಿಸಲು ಕಟ್ಟಿಕೊಂಡು, 17 ಎಕರೆಯಷ್ಟು ನೆಲವನ್ನು ಹದ ಮಾಡಿ ಬೇಸಾಯವನ್ನೂ ಮಾಡಿ ನೋಡಿದರು. ಮಳೆ ಕಡಿಮೆ, ಗಾಳಿ ಹೆಚ್ಚು. ಎರಡೇ ವರ್ಷದಲ್ಲಿ ಸಾಲ ಮಾಡಬೇಕಾಯಿತು, ಜಮೀನು ಬಿಡಬೇಕಾಯಿತು. ಒಣಬೇಸಾಯದ ಪೆಟ್ಟನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ ಅವರು.

1890ರಲ್ಲಿ ಅಯೋವಾ ಸಂಸ್ಥಾನದ ಸಿಂಪ್ಸನ್ ಕಾಲೇಜು ಸೇರಿದರು, ಚಿತ್ರಕಲೆ ಕಲಿಯಲು! ಶುಲ್ಕ ಕಟ್ಟಿದ ಮೇಲೆ ಕೈಯಲ್ಲಿ ಉಳಿದದ್ದು ಹತ್ತು ಸೆಂಟು. ಅದರಲ್ಲಿ ಮುಸುಕಿನ ಜೋಳದ ಹಿಟ್ಟು, ಸ್ವಲ್ಪ ಕೊಬ್ಬು ತಂದು ಒಂದು ವಾರ ನೂಕಿದರೆಂದು ಅವರೇ ಮುಂದೆ ನೆನೆಯುತ್ತಿದ್ದರು. ಚಿತ್ರಕಲೆಯ ಅಧ್ಯಾಪಕಿ ಎಟ್ಟಾ ಬಡ್ ಎಂಬಾಕೆಯ ತಂದೆ ಏಮ್ಸ್ ನಗರದ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರು. ಈ ಹುಡುಗ ಬರೆಯುವುದೆಲ್ಲ ಗಿಡಗಳ ಚಿತ್ರವೇ ಎಂಬುದನ್ನು ಕಂಡ ಆಕೆ ಅವರನ್ನು ಅಲ್ಲಿಗೆ ಕಳಿಸಿದಳು. 1891ರಲ್ಲಿ ಸೇರಿದ ಕಾರ್ವರ್ ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ. ಮೊದಲಲ್ಲಿ ಅವರನ್ನು ಇತರ ಹುಡುಗರ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಲಿಲ್ಲ. ನೆಲಮಾಳಿಗೆಯಲ್ಲಿ ಕೆಲಸದವರೊಡನೆ ಉಣ್ಣಬೇಕಾಯಿತು. ಪಂಕ್ತಿಭೇದ ಎಂಬುದು ನಮ್ಮ ದೇಶದಲ್ಲಿ ಮಾತ್ರ ಇದ್ದ ರೋಗವಲ್ಲ. 1894ರಲ್ಲಿ ಬಿ.ಎಸ್ಸಿ., 1896ರಲ್ಲಿ ಎಂ.ಎಸ್ಸಿ. ಪಡೆದರು. ಸಸ್ಯರೋಗ ತರುವ ಶಿಲೀಂಧ್ರಗಳ ಸಂಗ್ರಹದಲ್ಲಿ ಹೆಸರು ಮಾಡಿ ಅಲ್ಲಿಯೇ ಅಧ್ಯಾಪಕರೂ ಆದರು. ನೆಮ್ಮದಿಯಾಗಿ ಅಲ್ಲಿಯೇ ಇರಬಹುದಿತ್ತು.

ಹೊಸಲಿನವರೆಗೆ ಹತ್ತಿ

1896ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಅವರಿಂದ ಕರೆ ಬಂತು. ತಾವೂ ಜೀತದಲ್ಲಿ ಹುಟ್ಟಿ ಮೇಲೆ ಬಂದ ವಾಷಿಂಗ್ಟನ್, ಅಲಬಾಮ ಸಂಸ್ಥಾನದ ಟಸ್ಕೀಗಿಯಲ್ಲಿ 1881ರಿಂದ ಕಪ್ಪು ಜನರಿಗಾಗಿ ಒಂದು ವಿದ್ಯಾಸಂಸ್ಥೆ ನಡೆಸುತ್ತಿದ್ದರು. ವರ್ಷಕ್ಕೆ ಸಾವಿರ ಡಾಲರ್ ಸಂಬಳ, ಊಟ ವಸತಿ. ಕಾರ್ವರ್ ಒಪ್ಪಿ ಹೊರಟರು. ಅಲ್ಲಿ ಕೃಷಿ ವಿಭಾಗವೆಂದರೆ ಹೆಸರಿಗೆ ಮಾತ್ರ. ಪ್ರಯೋಗಶಾಲೆ ಇಲ್ಲ. ತಿಪ್ಪೆಗಳಲ್ಲಿ ಬಿದ್ದ ಬಾಟಲಿ, ಹಳೆಯ ಪಾತ್ರೆ, ತಂತಿ ಇವನ್ನು ವಿದ್ಯಾರ್ಥಿಗಳಿಂದ ಆಯಿಸಿ ಉಪಕರಣ ಮಾಡಿಕೊಂಡರು.

ಸುತ್ತಲಿನ ಹಳ್ಳಿಗಳ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಮಗೆ ಅಪರಿಚಿತವಲ್ಲ. ಕಪ್ಪು ರೈತರಲ್ಲಿ ಹೆಚ್ಚಿನವರಿಗೆ ಸ್ವಂತ ಜಮೀನಿಲ್ಲ. ನಮ್ಮಲ್ಲಿ ವಾರಕ್ಕೋ ಕೋರಿಗೋ ಮಾಡಿದಂತೆ ಬಿಳಿಯ ಒಡೆಯರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ಬೀಜ, ಹೇಸರಗತ್ತೆ, ತಿನ್ನುವ ಹಿಟ್ಟು ಎಲ್ಲವೂ ಒಡೆಯನ ಅಂಗಡಿಯಿಂದ ಉದ್ದರಿ. ಆ ಉದ್ದರಿಗೆ ಬರಲಿರುವ ಹತ್ತಿಯೇ ಒತ್ತೆ. ಹತ್ತಿ ಮಾತ್ರ ಸಾಲಕ್ಕೆ ವಜಾ ಆಗುವ ಬೆಳೆಯಾದ್ದರಿಂದ ಅದನ್ನೇ ಹಾಕು ಎಂಬ ಒತ್ತಾಯ. ಹೀಗಾಗಿ ಗುಡಿಸಲಿನ ಹೊಸಲಿನವರೆಗೂ ಹತ್ತಿ. ಸೊಪ್ಪಿಗೆ ಜಾಗವಿಲ್ಲ, ಕರುವಿಗೆ ಹುಲ್ಲಿಲ್ಲ. ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ಹತ್ತಿ ಕೊಟ್ಟ ಮೇಲೂ ಬಾಕಿ ಉಳಿಯುತ್ತಿತ್ತು. ಮರುವರ್ಷ ಮತ್ತೆ ಅದೇ ಅಂಗಡಿ.

ಅವರ ಊಟವೆಂದರೆ ಮೂರು ವಸ್ತು: ಮುಸುಕಿನ ಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ. ಮೂರೂ ಅಂಗಡಿಯವೇ. ಇದನ್ನೇ ವರ್ಷವಿಡೀ ತಿಂದ ಜನರಲ್ಲಿ ಚರ್ಮ ಬಿರಿದು ಕಪ್ಪಾಗುವ, ಭೇದಿಯಾಗುವ, ಕೊನೆಗೆ ಬುದ್ಧಿಭ್ರಮಣೆಯಾಗುವ ಪೆಲಾಗ್ರ ಎಂಬ ರೋಗ ಹಬ್ಬಿತ್ತು. ಅದು ಅಂಟುರೋಗವಲ್ಲ, ಊಟದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು 1914ರಿಂದಾಚೆಗೆ ತೋರಿಸಿಕೊಟ್ಟರು. ನಯಾಸಿನ್ ಎಂಬ ಜೀವಸತ್ವದ ಅಭಾವ ಅದಕ್ಕೆ ಕಾರಣವೆಂದು ಖಚಿತವಾದದ್ದು 1937ರಲ್ಲಿ. ಜೋಳವನ್ನೇ ನಂಬಿದ ದಕ್ಷಿಣ ಪ್ರಸ್ಥಭೂಮಿಯ ಬಡವರಲ್ಲೂ ಈ ರೋಗವನ್ನು ಹೈದರಾಬಾದಿನ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು 1960ರ ಸುಮಾರಿಗೆ ಕಂಡಿದ್ದರು. ಕಡಲೆಕಾಯಿಯಲ್ಲಿ ನಯಾಸಿನ್ ಹೇರಳವಾಗಿದೆ. ಕಾರ್ವರ್ ಕೆಲಸ ಆರಂಭಿಸಿದಾಗ ಇದಾವುದೂ ಯಾರಿಗೂ ತಿಳಿದಿರಲಿಲ್ಲ. ಹಿತ್ತಲಿನ ಸೊಪ್ಪು, ಕಾಳು, ಗೆಣಸು ತಿನ್ನುವ ಮನೆಯ ಮಕ್ಕಳು ಗಟ್ಟಿಯಾಗಿರುತ್ತಾರೆ ಎಂಬುದನ್ನು ಕಣ್ಣಿನಿಂದ ಕಂಡು ಅವರು ಹೊರಟಿದ್ದರು.

ಹಿತ್ತಲು ಅವರಿಗೆ ಅಲಂಕಾರದ ಮಾತಲ್ಲ, ಸಾಲದ ಲೆಕ್ಕದ ಮಾತು. ಅಂಗಡಿಯಿಂದ ತರುವ ಪ್ರತಿಯೊಂದು ಸೇರಿಗೆ ಬದಲಾಗಿ ಮನೆಯಲ್ಲೇ ಒಂದು ಸೇರು ಬೆಳೆದರೆ ಅಷ್ಟು ಉದ್ದರಿ ತಪ್ಪಿತು, ಅಷ್ಟು ಬಡ್ಡಿ ತಪ್ಪಿತು. ಒಡೆಯನ ಎದುರು ತಲೆ ಎತ್ತಲು ಆ ಜನರಿಗೆ ಬೇರೆ ದಾರಿ ಕಡಿಮೆಯಿತ್ತು.

ಮೂರು ಪಾಲಿನ ಪುಸ್ತಿಕೆ

ಟಸ್ಕೀಗಿಯಲ್ಲಿ 1897ರಲ್ಲಿ ಸಂಸ್ಥಾನದ ನೆರವಿನಿಂದ ಪ್ರಯೋಗ ಕ್ಷೇತ್ರ ಆರಂಭವಾಯಿತು. ವರ್ಷಕ್ಕೆ 1500 ಡಾಲರ್, ಹತ್ತು ಎಕರೆ ಸತ್ತ ನೆಲ. ಕಾರ್ವರ್ ಅಲ್ಲಿ ಗೊಬ್ಬರದ ಮೂಟೆಗೆ ಕೈಹಾಕಲಿಲ್ಲವೆಂದೇ ಹೇಳಬೇಕು, ಏಕೆಂದರೆ ಅವರ ರೈತನ ಕೈಯಲ್ಲಿ ಅದಕ್ಕೆ ಕಾಸಿರಲಿಲ್ಲ. ಕಾಡಿನ ತರಗು, ಜೌಗಿನ ಕಪ್ಪು ಮಣ್ಣು, ಕೊಟ್ಟಿಗೆಯ ಕಸ ಸೇರಿಸಿ ಕೊಳೆಸಿದರು. ಹತ್ತಿ ತೆಗೆದು ಅಲಸಂದೆ ಬಿತ್ತಿದರು. ದ್ವಿದಳ ಬೆಳೆಗಳ ಬೇರುಗಂಟಿನ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ ಎಂಬುದು ಅದಕ್ಕೆ ಹತ್ತು ವರ್ಷದ ಹಿಂದಷ್ಟೇ ಜರ್ಮನಿಯಲ್ಲಿ ತಿಳಿದುಬಂದಿತ್ತು. ಆ ಹೊಸ ವಿದ್ಯೆಯನ್ನು ಅವರು ಬಡವನ ಹೊಲಕ್ಕೆ ಇಳಿಸಿದರು. ಮೊದಲ ವರ್ಷ ಖರ್ಚೂ ಹುಟ್ಟಲಿಲ್ಲ. ವರ್ಷ ಕಳೆದಂತೆ ಆ ಹತ್ತು ಎಕರೆ ನೆಲಕ್ಕೆ ಜೀವ ಬಂತು. 1905ರಲ್ಲಿ ಸತ್ತ ನೆಲವನ್ನು ಎತ್ತುವ ಬಗೆಯನ್ನೇ ಕುರಿತು ಒಂದು ಪುಸ್ತಿಕೆ ಬರೆದರು.

(ಇಲ್ಲಿ ನಿಮಗೊಂದು ಎಚ್ಚರಿಕೆ. ಕಡಲೆಕಾಯಿ ಹಾಕಿದರೆ ನೆಲ ತಾನೇ ಫಲವತ್ತಾಗುತ್ತದೆ ಎಂದು ನಂಬಿ, ಗಿಡವನ್ನು ಬೇರುಸಹಿತ ಕಿತ್ತು ಬಳ್ಳಿಯನ್ನೆಲ್ಲ ಮೇವಿಗೆ ಮಾರಿದರೆ ಗಳಿಸಿದ ಸಾರಜನಕವೂ ಮೇವಿನ ಗಾಡಿಯಲ್ಲೇ ಹೋಗುತ್ತದೆ. ಮೇವು ನಿಮ್ಮ ದನಕ್ಕೇ ಹಾಕಿ, ಗೊಬ್ಬರ ಆ ಹೊಲಕ್ಕೇ ಬರಲಿ.)

ಈಗ ಅಡಿಗೆಯ ವಿಷಯ. ಅಲಸಂದೆ, ಗೆಣಸು ಬೆಳೆದ ರೈತ ಅದನ್ನು ಏನು ಮಾಡಬೇಕು? ಮಾರುಕಟ್ಟೆ ಇಲ್ಲ. ಅಲಸಂದೆ ದನದ ತಿನಿಸೆಂದು ಹಲವರ ಭಾವನೆ. ಆದ್ದರಿಂದ ಕಾರ್ವರ್ ಪುಸ್ತಿಕೆಗಳನ್ನು ಮೂರು ಬಗೆಯ ಜನರಿಗಾಗಿ ಬರೆದರು. ಬೆಳೆಯುವ ಕ್ರಮ ರೈತನಿಗೆ, ಅದರ ಹಿಂದಿನ ವಿಜ್ಞಾನ ಶಾಲೆಯ ಉಪಾಧ್ಯಾಯರಿಗೆ, ಬೇಯಿಸುವ ಬಗೆ ಮನೆಯ ಹೆಂಗಸಿಗೆ. ಅವರು ಬರೆದ ನಲವತ್ತಕ್ಕೂ ಹೆಚ್ಚು ಪುಸ್ತಿಕೆಗಳಲ್ಲಿ 1908ರ ಒಂದು ಅಲಸಂದೆಯ ಅಡಿಗೆಗೇ ಮೀಸಲು. 1907ರಲ್ಲಿ ಕಾಡು ಪ್ಲಮ್ ಹಣ್ಣನ್ನು ಕೆಡದಂತೆ ಉಳಿಸುವುದು, 1910ರಲ್ಲಿ ಗೆಣಸು, ಅದೇ ವರ್ಷ ಹಳ್ಳಿಯ ಶಾಲೆಗಳಲ್ಲಿ ಮಕ್ಕಳಿಂದ ಕೈತೋಟ ಮಾಡಿಸುವುದು, 1915ರಲ್ಲಿ ತರಕಾರಿ ಹಣ್ಣುಗಳನ್ನು ಡಬ್ಬಿಯಲ್ಲಿಡುವುದು, 1916ರಲ್ಲಿ ಕಡಲೆಕಾಯಿ ಬೆಳೆಯುವ ಕ್ರಮದೊಂದಿಗೆ ಅದರ 105 ಬಗೆಯ ಅಡಿಗೆ, 1918ರಲ್ಲಿ ಟೊಮೇಟೊ ಕೃಷಿಯೊಂದಿಗೆ 115 ಬಗೆ. 1911ರಲ್ಲಿ ಒಂದು ಪುಸ್ತಿಕೆ ಅಡಿಗೆಯದೂ ಅಲ್ಲ, ಬೆಳೆಯದೂ ಅಲ್ಲ. ಊರಿನ ಬಣ್ಣದ ಜೇಡಿಮಣ್ಣಿನಿಂದ ಗೋಡೆಗೆ ಬಳಿಯುವುದು. ಕೆಮ್ಮಣ್ಣು ಸುಣ್ಣದ ಸಾರಣೆ ಗೊತ್ತಿರುವ ನಮ್ಮ ಹೆಂಗಸರಿಗೆ ಇದರಲ್ಲಿ ಹೊಸತೇನೂ ಕಾಣಲಾರದು. ಆದರೆ ಕಾಸಿಲ್ಲದ ಮನೆಯೂ ಚೊಕ್ಕಟವಾಗಿ ಕಾಣಬಹುದೆಂದು ಆ ಜನಕ್ಕೆ ಹೇಳುವವರು ಬೇಕಾಗಿತ್ತು.

ಅವರ ಕಡಲೆಕಾಯಿ ಸಾರಿನ ಬಗೆಯನ್ನು ನಮ್ಮ ಅಳತೆಗೆ ತಂದು ಹೇಳುತ್ತೇನೆ. ಒಂದು ಲೀಟರಿಗೆ ಸ್ವಲ್ಪ ಕಡಿಮೆ ಹಾಲು, ಒಂದು ಬಟ್ಟಲು ಕಡಲೆಬೀಜ, ಎರಡು ದೊಡ್ಡ ಚಮಚ ಬೆಣ್ಣೆ, ಅಷ್ಟೇ ಗೋಧಿಹಿಟ್ಟು. ಬೀಜವನ್ನು ಮೆತ್ತಗೆ ಬೇಯಿಸಿ, ಸಿಪ್ಪೆ ತೆಗೆದು, ನುಣ್ಣಗೆ ಅರೆದು, ಕುದಿಯುವ ಹಾಲಿಗೆ ಹಾಕಿ ಇಪ್ಪತ್ತು ನಿಮಿಷ ಬೇಯಿಸುವುದು. ಹಿಟ್ಟನ್ನು ಹಾಲಿನಲ್ಲಿ ಕಲಸಿ, ಬೆಣ್ಣೆಯೊಂದಿಗೆ ಸೇರಿಸಿ, ಉಪ್ಪು ಮೆಣಸು ಹಾಕಿ ಬಿಸಿಬಿಸಿ ಬಡಿಸುವುದು. ನಮ್ಮ ಮನೆಯಲ್ಲಿ ಹಾಲಿನ ಬದಲು ಮಜ್ಜಿಗೆ ಹಾಕಿ, ಹಸಿಮೆಣಸು ಜೀರಿಗೆಯ ಒಗ್ಗರಣೆ ಕೊಟ್ಟು ಮಾಡಿದಾಗ ಮಕ್ಕಳು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಮಜ್ಜಿಗೆ ಹಾಕಿದ ಮೇಲೆ ಹೆಚ್ಚು ಕುದಿಸಬಾರದು, ಒಡೆಯುತ್ತದೆ. ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ತಿಳಿದ ಉತ್ತರ ಕರ್ನಾಟಕದ ತಾಯಂದಿರಿಗೆ ನಾನು ಕಲಿಸಬೇಕಾದದ್ದಿಲ್ಲ. ಕಡಲೆಕಾಯಿಯನ್ನು ಮೂಟೆಯಲ್ಲೇ ಮಾರಿ ಎಣ್ಣೆ ಕೊಳ್ಳುವ ಮನೆಗಳಿಗೆ ಈ ಮಾತು. ಇನ್ನೊಂದು ಎಚ್ಚರಿಕೆ: ಬೂಷ್ಟು ಹಿಡಿದ, ಸುಕ್ಕಾದ, ಕಹಿಯಾದ ಬೀಜವನ್ನು ನೀವೂ ತಿನ್ನಬೇಡಿ, ದನಕ್ಕೂ ಹಾಕಬೇಡಿ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ. ಅದು ಪತ್ತೆಯಾದದ್ದು 1960ರ ನಂತರ, ಕಾರ್ವರ್ ಕಾಲಕ್ಕೆ ಅದರ ಅರಿವಿರಲಿಲ್ಲ.

ಪುಸ್ತಿಕೆ ಬರೆದರೆ ಓದುವವರು ಬೇಕಲ್ಲ? ಓದು ಬರಹ ಬಲ್ಲ ರೈತರು ಕಡಿಮೆ. ಕಾರ್ವರ್ ವಾರದ ಕೊನೆಯಲ್ಲಿ ಹೇಸರಗತ್ತೆಯ ಗಾಡಿ ಹೂಡಿಕೊಂಡು ಬೀಜ, ಸಲಕರಣೆ ಹಾಕಿಕೊಂಡು ಹಳ್ಳಿಗೆ ಹೊರಡುತ್ತಿದ್ದರು. 1906ರಲ್ಲಿ ಇದು ದೊಡ್ಡದಾಯಿತು. ನ್ಯೂಯಾರ್ಕಿನ ಮಾರಿಸ್ ಜೆಸಪ್ ಎಂಬ ಧನಿಕರ ನೆರವಿನಿಂದ, ಕಾರ್ವರ್ ಹಾಕಿಕೊಟ್ಟ ನಕ್ಷೆಯಂತೆ ಒಂದು ಗಾಡಿ ಸಿದ್ಧವಾಯಿತು. ನೇಗಿಲು, ಬೆಣ್ಣೆ ಕಡೆಯುವ ಯಂತ್ರ, ಬೀಜ, ಗೊಬ್ಬರದ ಮಾದರಿ ಎಲ್ಲ ಅದರಲ್ಲಿ. ಥಾಮಸ್ ಕ್ಯಾಂಬೆಲ್ ಎಂಬ ತರುಣ ಅದನ್ನು ನಡೆಸುವ ಹೊಣೆ ಹೊತ್ತು, ಅದೇ ವರ್ಷ ಅಮೆರಿಕದ ಕೃಷಿ ಇಲಾಖೆಯ ಮೊದಲ ಕಪ್ಪು ವಿಸ್ತರಣಾ ಕಾರ್ಯಕರ್ತನಾದ. ಊರಿನಲ್ಲಿ ಒಬ್ಬನ ಹೊಲ ಆರಿಸಿ ಅಲ್ಲಿಯೇ ಉತ್ತು ತೋರಿಸುವುದು, ಅವನ ಅಂಗಳದಲ್ಲಿಯೇ ತರಕಾರಿ ಮಡಿ ಮಾಡುವುದು, ಅವನ ಒಲೆಯ ಮೇಲೆಯೇ ಬೇಯಿಸಿ ನೆರೆದವರಿಗೆ ರುಚಿ ತೋರಿಸುವುದು. 1918ರಲ್ಲಿ ಗಾಡಿ ಹೋಗಿ ಮೋಟಾರು ಬಂತು. ನಾವು ಪ್ರಾತ್ಯಕ್ಷಿಕೆ ಎಂದು ಕರೆಯುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನಂತೂ ಕಂಡಿಲ್ಲ. ಪ್ರಾತ್ಯಕ್ಷಿಕೆಯ ಫಲಕ ನೆಟ್ಟು ಫೋಟೋ ತೆಗೆದುಕೊಂಡು ಬರುವ ನಮ್ಮಂಥವರಿಗೆ ಒಲೆಯ ಮುಂದೆ ಕೂರುವುದು ಇನ್ನೂ ಅಭ್ಯಾಸವಾಗಿಲ್ಲ.

ಎಲ್ಲರನ್ನೂ ಮೆಚ್ಚಿಸಿದವರಲ್ಲ

ಅವರನ್ನು ದೇವರನ್ನಾಗಿ ಮಾಡುವ ಬರಹಗಳು ಬಹಳ ಇವೆ. ಆಡಳಿತದಲ್ಲಿ ಅವರು ಸೋತವರು ಎಂಬುದನ್ನೂ ಹೇಳಬೇಕು. ಸಂಸ್ಥೆಯ ಕೋಳಿಸಾಕಣೆ ಅವರ ಹೊಣೆಯಾಗಿತ್ತು. ಕೋಳಿಗಳು ಸಾಯುತ್ತಿದ್ದವು, ವರದಿಯಲ್ಲಿ ಮಾತ್ರ ಎಲ್ಲ ಸರಿಯಾಗಿ ಕಾಣುತ್ತಿತ್ತು. 1904ರಲ್ಲಿ ಇದರ ವಿಚಾರಣೆ ನಡೆದು ಅವರಿಗೆ ಬಹಳ ಅವಮಾನವಾಯಿತು. ಲೆಕ್ಕ, ಶಿಸ್ತು, ಸಮಯ ಎಲ್ಲದರಲ್ಲೂ ಕಟ್ಟುನಿಟ್ಟಾದ ವಾಷಿಂಗ್ಟನ್ ಅವರಿಗೂ, ಬೆಳಗಿನ ನಾಲ್ಕಕ್ಕೆ ಎದ್ದು ಕಾಡು ಸುತ್ತಿ ಗಿಡ ಆಯುವ ಕಾರ್ವರ್ ಅವರಿಗೂ ಹೊಂದಲೇ ಇಲ್ಲ. ರಾಜೀನಾಮೆಯ ಬೆದರಿಕೆಯನ್ನು ಕಾರ್ವರ್ ಮತ್ತೆ ಮತ್ತೆ ಹಾಕಿದರು. 1910ರಲ್ಲಿ ಕೃಷಿ ವಿಭಾಗದ ಮುಖ್ಯಸ್ಥರ ಸ್ಥಾನ ಬೇರೆಯವರಿಗೆ ಹೋಗಿ, ಇವರಿಗೆ ಸಂಶೋಧನೆಯ ಕೆಲಸ ಉಳಿಯಿತು. ಆದರೂ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ. 1915ರಲ್ಲಿ ವಾಷಿಂಗ್ಟನ್ ತೀರಿಕೊಂಡಾಗ ಕಾರ್ವರ್ ಬಹುದಿನ ಚೇತರಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಮೆಕ್ಸಿಕೋ ಕಡೆಯಿಂದ 1892ರಲ್ಲಿ ಬಂದಿದ್ದ ಹತ್ತಿಯ ಮೂತಿಹುಳು ಅಲಬಾಮಕ್ಕೆ ತಲುಪಿತ್ತು. ಮೊಗ್ಗು ಕಾಯಿಗಳನ್ನು ಕೊರೆಯುವ ಈ ಹುಳದ ಮುಂದೆ ಹತ್ತಿ ನಿಲ್ಲಲಿಲ್ಲ. ರೈತರು ಕಡಲೆಕಾಯಿಗೆ ತಿರುಗಿದರು. ಅದೇ ಸಂಸ್ಥಾನದ ಎಂಟರ್‌ಪ್ರೈಸ್ ಎಂಬ ಊರಿನವರು, ಹತ್ತಿಯ ಮೋಹ ಬಿಡಿಸಿದ್ದಕ್ಕೆ ಕೃತಜ್ಞತೆಯಾಗಿ 1919ರಲ್ಲಿ ಆ ಹುಳಕ್ಕೇ ಸ್ಮಾರಕ ನಿಲ್ಲಿಸಿದರು! ಕಡಲೆಕಾಯಿಗೆ ಮಾರುಕಟ್ಟೆ ಹುಡುಕುವ ಯತ್ನದಲ್ಲಿ ಕಾರ್ವರ್ ಹಾಲು, ಎಣ್ಣೆ, ಬಣ್ಣ, ಸಾಬೂನು ಹೀಗೆ ಮುನ್ನೂರರ ಆಸುಪಾಸಿನ ಉಪಯೋಗಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಕಾರ್ಖಾನೆಗೆ ಹೋದವು ಬಹಳ ಕಡಿಮೆ. ಅವರು ಒಟ್ಟು ಪಡೆದ ಹಕ್ಕುಪತ್ರಗಳೇ ಮೂರು. ಕಡಲೆಕಾಯಿ ಬೆಣ್ಣೆಯನ್ನು ಕಂಡುಹಿಡಿದವರು ಅವರೆಂದು ಹಲವು ಕಡೆ ಬರೆದಿರುವುದು ತಪ್ಪು. ಅದು ಅವರಿಗಿಂತ ಮೊದಲೇ ಇತ್ತು. ಇಡೀ ದಕ್ಷಿಣ ಅಮೆರಿಕ ಸಂಸ್ಥಾನಗಳನ್ನು ಅವರೊಬ್ಬರೇ ಕಡಲೆಕಾಯಿಗೆ ತಿರುಗಿಸಿದರೆನ್ನುವುದೂ ಅತಿಶಯೋಕ್ತಿ. ಹುಳ, ಯುದ್ಧಕಾಲದ ಎಣ್ಣೆಯ ಬೇಡಿಕೆ, ಗಾಣದ ಕಾರ್ಖಾನೆಗಳು ಎಲ್ಲ ಸೇರಿ ಅದು ಆಯಿತು.

1921ರಲ್ಲಿ ಆಮದು ಸುಂಕದ ಪ್ರಶ್ನೆ ಬಂದಾಗ ಕಡಲೆಕಾಯಿ ಬೆಳೆಗಾರರು ಅವರನ್ನು ಅಮೆರಿಕದ ಶಾಸನಸಭೆಯ ಸಮಿತಿಯ ಮುಂದೆ ಮಾತನಾಡಲು ಕಳಿಸಿದರು. ಹತ್ತು ನಿಮಿಷ ಕೊಟ್ಟಿದ್ದರು. ಸದಸ್ಯನೊಬ್ಬ ಬಣ್ಣವನ್ನು ಹಿಡಿದು ಹಗುರವಾಗಿ ಮಾತಾಡಿದ. ಕಾರ್ವರ್ ಅದನ್ನು ಕೇಳಿಯೂ ಕೇಳದವರಂತೆ ಪೆಟ್ಟಿಗೆ ಬಿಚ್ಚಿ ಒಂದೊಂದೇ ಪದಾರ್ಥ ತೆಗೆದು ತೋರಿಸತೊಡಗಿದರು. ಸಮಯವನ್ನು ಮತ್ತೆ ಮತ್ತೆ ಹೆಚ್ಚಿಸಿ ಕೊನೆಗೆ ಎಷ್ಟು ಹೊತ್ತಾದರೂ ಮಾತಾಡಬಹುದೆಂದರು. 1922ರ ಕಾನೂನಿನಲ್ಲಿ ಕಡಲೆಕಾಯಿಗೆ ಸುಂಕದ ರಕ್ಷಣೆ ಸಿಕ್ಕಿತು. ದೇಶಕ್ಕೆಲ್ಲ ಅವರ ಹೆಸರು ತಿಳಿದದ್ದು ಆಗ.

ನಮ್ಮ ದೇಶದೊಂದಿಗೂ ಅವರಿಗೆ ನಂಟಿತ್ತು. ದೀನಬಂಧು ಎಂದು ನಾವು ಕರೆಯುವ ಸಿ.ಎಫ್. ಆಂಡ್ರೂಸ್ ಅವರು 1929ರಲ್ಲಿ ಟಸ್ಕೀಗಿಗೆ ಹೋಗಿದ್ದರು. ಗಾಂಧೀಜಿಯವರ ಸಸ್ಯಾಹಾರದ ಪ್ರಯೋಗಗಳ ಮಾತು ಅಲ್ಲಿ ಬಂದು, ಕಾರ್ವರ್ ತಮ್ಮ ಆಹಾರದ ಪುಸ್ತಿಕೆಗಳನ್ನು ಗಾಂಧೀಜಿಗೆ ಕಳಿಸಿದರು. ಮುಂದೆ 1935ರವರೆಗೂ ಅವರಿಬ್ಬರ ನಡುವೆ ಪತ್ರ ವ್ಯವಹಾರವಿತ್ತು.

ಮದುವೆಯಾಗಲಿಲ್ಲ. ವಿದ್ಯಾರ್ಥಿ ನಿಲಯದ ಕೊಠಡಿಯಲ್ಲೇ ವಾಸ. ತೇಪೆ ಹಾಕಿದ ಹಳೆಯ ಕೋಟು, ಅದರ ಗುಂಡಿಯಲ್ಲಿ ಮಾತ್ರ ದಿನವೂ ಒಂದು ತಾಜಾ ಹೂವು. ವಯಸ್ಸಾಗಿ ಮೆಟ್ಟಿಲು ಹತ್ತಲಾರದಾದಾಗ ಸ್ನೇಹಿತ ಹೆನ್ರಿ ಫೋರ್ಡ್ ಅವರು ಆ ನಿಲಯಕ್ಕೆ ಲಿಫ್ಟ್ ಹಾಕಿಸಿಕೊಟ್ಟರು. ಕೂಡಿಟ್ಟ ಸುಮಾರು 60,000 ಡಾಲರ್‌ಗಳನ್ನು ಕೃಷಿ ಸಂಶೋಧನೆ ನಡೆಸುವ ಪ್ರತಿಷ್ಠಾನಕ್ಕೆ ಕೊಟ್ಟರು.

ಕಳೆಯ ಸೊಪ್ಪಿನ ಪುಸ್ತಿಕೆ

ಎರಡನೆಯ ಮಹಾಯುದ್ಧದಲ್ಲಿ ಆಹಾರದ ಅಭಾವ ಬಂದಾಗ, 1942ರಲ್ಲಿ, ಎಪ್ಪತ್ತೇಳೋ ಎಪ್ಪತ್ತೆಂಟೋ ವಯಸ್ಸಿನ ಕಾರ್ವರ್ ಇನ್ನೊಂದು ಪುಸ್ತಿಕೆ ಬರೆದರು. ಅದರಲ್ಲಿ ಬಿತ್ತುವ ಮಾತೇ ಇಲ್ಲ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ, ರೈತ ಕಿತ್ತೆಸೆಯುವ ಸೊಪ್ಪುಗಳಲ್ಲಿ ಯಾವುದನ್ನು ಯಾವ ಕಾಲದಲ್ಲಿ ಆಯಬೇಕು, ಹೇಗೆ ಬೇಯಿಸಬೇಕು ಎಂಬ ವಿವರ. ಚಕ್ಕೋತದ ಜಾತಿಯ ಸೊಪ್ಪು, ಮುಳ್ಳುದಂಟು ಮುಂತಾದವು ಅದರಲ್ಲಿವೆ. ಕೋಲಾರದ ಕಡೆಯ ಹೆಂಗಸರು ಮೊದಲ ಮಳೆಯ ನಂತರ ಹೊಲಕ್ಕೆ ಹೋಗಿ ಹತ್ತಾರು ಬಗೆಯ ಬೆರಕೆ ಸೊಪ್ಪು ಆಯ್ದು ತಂದು ಬಸ್ಸಾರು ಮಾಡುವುದನ್ನು ಕಂಡಿದ್ದರೆ ಕಾರ್ವರ್ ಅಲ್ಲಿಯೇ ಕುಳಿತು ಪಟ್ಟಿ ಬರೆದುಕೊಳ್ಳುತ್ತಿದ್ದರೇನೋ. ಕಳೆನಾಶಕ ಹೊಡೆದ ಹೊಲದಲ್ಲಿ ಮಾತ್ರ ಆ ಸೊಪ್ಪನ್ನು ಆಯಬೇಡಿ.

ನಿಮ್ಮ ಹಿತ್ತಲಿಗೆ ಎಷ್ಟು ಜಾಗ ಬೇಕು ಎಂದು ಹಲವರು ಕೇಳುತ್ತಾರೆ. ಐದು ಜನರ ಮನೆಗೆ ಎರಡು ಗುಂಟೆ ಸಾಕು. ತಲೆಗೆ ದಿನಕ್ಕೆ 300 ಗ್ರಾಂ ಸೊಪ್ಪು ತರಕಾರಿ ಬೇಕೆಂದರೆ ಮನೆಗೆ ಒಂದೂವರೆ ಕಿಲೋ ಆಯಿತು. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಕೆಸುವು ಇರಲಿ. ಬೇಲಿಯ ಮೇಲೆ ಹೀರೆ, ಹಾಗಲ, ಚಪ್ಪರದವರೆ ಹಬ್ಬಿಸಿ. ನುಗ್ಗೆ ಒಂದು ಮೂಲೆಯಲ್ಲಿರಲಿ, ನೆರಳು ಮಡಿಗೆ ಬೀಳದಂತೆ. ಉಳಿದ ಜಾಗದಲ್ಲಿ ಹದಿನೈದು ದಿನಕ್ಕೊಮ್ಮೆ ಒಂದೊಂದು ಮಡಿಗೆ ದಂಟು, ಮೆಂತ್ಯ, ಕೊತ್ತಂಬರಿ ಚೆಲ್ಲುತ್ತಾ ಬಂದರೆ ಒಮ್ಮೆಲೇ ಬಂದು ಒಮ್ಮೆಲೇ ಮುಗಿಯುವ ಕಷ್ಟವಿಲ್ಲ. ನೀರು ಕಡಿಮೆ ಇರುವವರು ಅಲಸಂದೆಯನ್ನೇ ಹಾಕಿ. ಎಳೆಯ ಎಲೆ ಪಲ್ಯಕ್ಕೆ, ಎಳೆಗಾಯಿ ಹುಳಿಗೆ, ಒಣಗಿದ ಕಾಳು ಸಾರಿಗೆ, ಬಳ್ಳಿ ದನಕ್ಕೆ, ಬೇರು ನೆಲಕ್ಕೆ.

ಜಾರಿಬಿದ್ದ ಪೆಟ್ಟಿನಿಂದ ನಿತ್ರಾಣರಾಗಿದ್ದ ಕಾರ್ವರ್ 1943ರ ಜನವರಿ 5ರಂದು ಟಸ್ಕೀಗಿಯಲ್ಲಿ ತೀರಿಕೊಂಡರು. ಬುಕರ್ ವಾಷಿಂಗ್ಟನ್ ಅವರ ಸಮಾಧಿಯ ಪಕ್ಕದಲ್ಲಿಯೇ ಅವರನ್ನು ಮಣ್ಣು ಮಾಡಿದರು. ಅದೇ ವರ್ಷ ಜುಲೈಯಲ್ಲಿ ಅಮೆರಿಕ ಸರಕಾರ ಡೈಮಂಡ್ ಹಳ್ಳಿಯ ಬಳಿಯ ಮೋಸೆಸ್ ಕಾರ್ವರ್ ಅವರ ಹೊಲವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಆ ದೇಶದಲ್ಲಿ ಕಪ್ಪು ಮನುಷ್ಯನೊಬ್ಬನ ಹೆಸರಿಗೆ ಅಂಥ ಸ್ಮಾರಕ ಆದದ್ದು ಅದೇ ಮೊದಲು. ಹೋದವರಿಗೆ ಅಲ್ಲಿ ಇಂದಿಗೂ ಆ ಹಳ್ಳವನ್ನೂ, ಬಡಕಲು ಹುಡುಗ ಗುಟ್ಟಾಗಿ ಗಿಡ ನೆಡುತ್ತಿದ್ದ ಕಾಡಿನ ದಾರಿಯನ್ನೂ ತೋರಿಸುತ್ತಾರೆ.